ವೈಫೈ ಕೈಕೊಟ್ಟರೆ ಫಾರ್ಮ್ಯಾಟ್ ಮದ್ದಲ್ಲ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ, ಅಂಗಡಿ, ಶಾಲೆ, ಗ್ರಾಮ ಒನ್ ಕೇಂದ್ರ ಎನ್ನದೆ ಎಲ್ಲ ಕಡೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಬಡ್ತಿ ಪಡೆಯುತ್ತಿವೆ. ಜೊತೆಗೇ ಒಂದು ದೂರು ಹೆಚ್ಚಾಗಿದೆ: ಅಪ್‌ಗ್ರೇಡ್ ಆಯಿತು, ವೈಫೈ ಹೋಯಿತು. ದುರಸ್ತಿ ಕೌಂಟರಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಫಾರ್ಮ್ಯಾಟ್ ಮಾಡಬೇಕು, ಇಲ್ಲವೇ ವೈಫೈ ಕಾರ್ಡ್ ಹೋಗಿದೆ. ಬಹುತೇಕ ಸಂದರ್ಭಗಳಲ್ಲಿ ಎರಡೂ ಬೇಕಿಲ್ಲ. ನಿನ್ನೆ ಸಂಜೆಯವರೆಗೆ ನಡೆದ ಕಾರ್ಡ್ ಇವತ್ತು ಅಪ್‌ಗ್ರೇಡ್ ಮುಗಿದ ಕ್ಷಣಕ್ಕೇ ಸುಟ್ಟುಹೋಗುವುದು ತೀರಾ ಅಪರೂಪ. ಬದಲಾದದ್ದು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ, ಅದರ ಸುತ್ತಲಿನ ಕೆಲವು ಸೆಟ್ಟಿಂಗ್‌ಗಳು, ಅಷ್ಟೇ.

ಮೊದಲು ನೋಡಬೇಕಾದದ್ದು ರೋಗ ಯಾವುದು ಎಂದು. ವೈಫೈ ಗುಂಡಿಯೇ ಪರದೆಯಿಂದ ಮಾಯವಾಗಿದೆಯೇ? ಗುಂಡಿ ಇದೆ, ಆದರೆ ನಿಮ್ಮ ಮನೆಯ ನೆಟ್‌ವರ್ಕ್ ಹೆಸರು ಕಾಣುತ್ತಿಲ್ಲವೇ, ಅಥವಾ ಕಂಡರೂ ಸೇರಿಸಿಕೊಳ್ಳುತ್ತಿಲ್ಲವೇ? ಅಥವಾ ಸೇರಿದೆ, ಇಂಟರ್ನೆಟ್ ಮಾತ್ರ ಇಲ್ಲವೇ? ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಇದನ್ನು ಕೇಳದೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವವರ ಕೈಗೆ ಯಂತ್ರ ಕೊಡಬೇಡಿ.

ಮೂರಕ್ಕೂ ಮುಂಚಿನ ಒಂದು ಸಣ್ಣ ಕೆಲಸವಿದೆ. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಒತ್ತಿದರೆ ಯಂತ್ರ ಪೂರ್ತಿ ಆರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮರುದಿನ ಹಾಗೆಯೇ ಎಬ್ಬಿಸುತ್ತದೆ. ಕೆಟ್ಟ ಸ್ಥಿತಿಯಲ್ಲಿ ಮಲಗಿದ ಡ್ರೈವರ್ ಕೆಟ್ಟ ಸ್ಥಿತಿಯಲ್ಲೇ ಏಳುತ್ತದೆ. ಹಾಗಾಗಿ ‘ರೀಸ್ಟಾರ್ಟ್’ ಒತ್ತಬೇಕು, ಇಲ್ಲವೇ ಶಿಫ್ಟ್ ಕೀ ಹಿಡಿದುಕೊಂಡು ಶಟ್ ಡೌನ್ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಸಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಾರ್ಡಿಗೆ ಹೋಗುವ ವಿದ್ಯುತ್ ಪೂರ್ತಿ ಕಡಿದು ಮತ್ತೆ ಬಂದಾಗ ಎಷ್ಟೋ ಸಲ ಗುಂಡಿ ತಾನಾಗಿ ಮರಳುತ್ತದೆ. ಏರ್‌ಪ್ಲೇನ್ ಮೋಡ್ ಮತ್ತು ಕೀಬೋರ್ಡಿನ ವೈಫೈ ಕೀ ನೋಡುವುದನ್ನೂ ಮರೆಯಬೇಡಿ.

ಗುಂಡಿಯೇ ಇಲ್ಲದ ಸ್ಥಿತಿ ಜನರನ್ನು ಹೆಚ್ಚು ಹೆದರಿಸುತ್ತದೆ, ವಾಸ್ತವದಲ್ಲಿ ಇದಕ್ಕೇ ಸ್ಪಷ್ಟವಾದ ದಾರಿ ಇರುವುದು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಅಡಿಯಲ್ಲಿ ವೈಫೈ ಕಾರ್ಡಿನ ಹೆಸರು ಇದ್ದು ಹಳದಿ ತ್ರಿಕೋನ ಹತ್ತಿದ್ದರೆ ಡ್ರೈವರ್ ಇದೆ, ಓಡುತ್ತಿಲ್ಲ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕೋಡ್ ಕಾಣುತ್ತದೆ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ ಎಂದರ್ಥ. ಕೋಡ್ 56 ಬಂದರೆ ಹಳೆಯ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿ ಬೇರೊಂದು ಸರ್ವರ್ ಮೂಲಕ ಸಾಗಿಸುವ) ತಂತ್ರಾಂಶದ ಮೇಲೆ ಅನುಮಾನ ಪಡಿ. ಅದು ನೆಟ್‌ವರ್ಕ್ ದಾರಿಯಲ್ಲಿ ತೂರಿಸಿಟ್ಟ ತನ್ನ ತುಣುಕು ಹೊಸ ವಿಂಡೋಸ್‌ಗೆ ಹೊಂದುವುದಿಲ್ಲ. ಆ ವಿಪಿಎನ್ ತೆಗೆದುಹಾಕಿ ರೀಸ್ಟಾರ್ಟ್ ಮಾಡಿ. ಹೆಸರು ಅಲ್ಲಿ ಇಲ್ಲವೇ ಇಲ್ಲ, ಬದಲಿಗೆ ‘ಅದರ್ ಡಿವೈಸಸ್’ ಕೆಳಗೆ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿದ್ದರೆ ಕಾರ್ಡ್ ಜೀವಂತವಿದೆ, ಡ್ರೈವರ್ ಇಲ್ಲ ಅಷ್ಟೇ. ‘ವ್ಯೂ’ ಪಟ್ಟಿಯಿಂದ ಅಡಗಿದ ಸಾಧನಗಳನ್ನು ತೋರಿಸಿದ ಮೇಲೂ ಎಲ್ಲೂ ಸುಳಿವಿಲ್ಲ ಅಥವಾ ಮಸುಕಾಗಿ ಕಂಡು ಕೋಡ್ 45 ಎನ್ನುತ್ತದೆ ಎಂದಾದರೆ ಮಾತ್ರ ಕಾರ್ಡ್ ಸಡಿಲಗೊಂಡಿರಬಹುದು, ಕೆಟ್ಟಿರಬಹುದು ಅಥವಾ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಏಳುವ ಯಂತ್ರದ ಮೂಲ ತಂತ್ರಾಂಶದಲ್ಲಿ, ಆಫ್ ಆಗಿರಬಹುದು.

ಡ್ರೈವರ್ ಇಲ್ಲದ ಕಾರ್ಡ್ ಯಾರದ್ದು ಎಂದು ತಿಳಿಯಲು ಲ್ಯಾಪ್‌ಟಾಪ್ ಬಿಚ್ಚುವ ಅಗತ್ಯವಿಲ್ಲ. ಪ್ರಾಪರ್ಟೀಸ್‌ನ ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿದರೆ ‘ವೆನ್’ ಎಂಬುದರ ಮುಂದೆ ಒಂದು ಸಂಕೇತ ಇರುತ್ತದೆ. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್, 168ಸಿ ಇದ್ದರೆ ಕ್ವಾಲ್ಕಾಮ್ ಅಥೆರೋಸ್, 14ಇ4 ಇದ್ದರೆ ಬ್ರಾಡ್‌ಕಾಮ್. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಹುಡುಕಿ, ಈ ಹೆಸರಿಗೆ ಹೊಂದುವ ವೈಫೈ ಡ್ರೈವರನ್ನೇ ಇಳಿಸಿಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಂಪನಿಗಳ ಕಾರ್ಡ್ ಹಾಕಿರುತ್ತಾರೆ, ಆದ್ದರಿಂದ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಹಾಕಿದರೆ ಆಗದು. ವಿಂಡೋಸ್ 11ಕ್ಕೆಂದು ಡ್ರೈವರ್ ಕೊಟ್ಟಿಲ್ಲದಿದ್ದರೆ 64 ಬಿಟ್‌ನ ವಿಂಡೋಸ್ 10 ಡ್ರೈವರ್ ಹಾಕಿ ನೋಡಿ, ಸಾಮಾನ್ಯವಾಗಿ ನಡೆಯುತ್ತದೆ. ‘ಡ್ರೈವರ್ ಅಪ್‌ಡೇಟರ್’ ಎಂದು ಹೇಳಿಕೊಳ್ಳುವ ಮೂರನೆಯವರ ತಂತ್ರಾಂಶಗಳನ್ನು ಮಾತ್ರ ದೂರ ಇಡಿ.

ಇಂಟರ್ನೆಟ್ಟೇ ಇಲ್ಲದಿರುವಾಗ ಡ್ರೈವರ್ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಆ ಇಂಟರ್ನೆಟ್ಟೇ ಕೇಬಲ್ ಮೂಲಕ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗದು. ಆನ್ ಮಾಡುವ ಆಯ್ಕೆಯೇ ಮಸುಕಾಗಿದ್ದರೆ ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಹೊಸದಾಗಿ ವಿಂಡೋಸ್ 11 ಹಾಕುವಾಗ ‘ಇಂಟರ್ನೆಟ್‌ಗೆ ಸೇರಿ’ ಎಂಬ ಪರದೆಯಲ್ಲಿ ಸಿಕ್ಕಿಬಿದ್ದವರನ್ನೂ ಇದೇ ಕೇಬಲ್ ಪಾರುಮಾಡುತ್ತದೆ. ಒಮ್ಮೆ ಸಂಪರ್ಕ ಸಿಕ್ಕರೆ ವಿಂಡೋಸ್ ಅಪ್‌ಡೇಟ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿನ ‘ಆಪ್ಷನಲ್ ಅಪ್‌ಡೇಟ್ಸ್’ ನೋಡಿ. ವೈಫೈ ಡ್ರೈವರ್ ಹಲವು ಸಲ ಅಲ್ಲೇ ಕೂತಿರುತ್ತದೆ, ಟಿಕ್ ಹಾಕುವವರೆಗೆ ತಾನಾಗಿ ಬರುವುದಿಲ್ಲ.

ಡ್ರೈವರ್ ಇದ್ದೂ ಕೆಲಸ ಕೆಟ್ಟಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡ್ ತೆರೆದು, ಹಳೆಯ ಡ್ರೈವರ್‌ಗೆ ಮರಳಿಸುವ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಗುಂಡಿ ಮಸುಕಾಗಿದ್ದರೆ ‘ಅಪ್‌ಡೇಟ್ ಡ್ರೈವರ್’ ಒಳಗೆ, ಕಂಪ್ಯೂಟರ್‌ನಲ್ಲಿ ಹುಡುಕುವ ಆಯ್ಕೆ ಹಿಡಿದು, ಲಭ್ಯ ಡ್ರೈವರ್‌ಗಳ ಪಟ್ಟಿ ತೆರೆಯಿರಿ. ಒಂದೇ ಕಾರ್ಡಿಗೆ ಎರಡು ಮೂರು ಆವೃತ್ತಿಗಳು ಕಾಣುತ್ತವೆ. ಈಗ ಇರುವುದನ್ನು ಬಿಟ್ಟು ಮತ್ತೊಂದನ್ನು ಆರಿಸಿ. ‘ಅನ್‌ಇನ್‌ಸ್ಟಾಲ್ ಡಿವೈಸ್’ ಮಾಡುವಾಗ ಡ್ರೈವರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕುವ ಮುನ್ನ ಬದಲಿ ಡ್ರೈವರ್ ಕೈಯಲ್ಲಿರಬೇಕು. ಇಲ್ಲದಿದ್ದರೆ ಇದ್ದದ್ದೂ ಹೋಯಿತು.

ಇನ್ನು ಎರಡನೆಯ ಬಗೆ. ಪಕ್ಕದ ಮನೆಗಳ ವೈಫೈ ಹೆಸರೆಲ್ಲ ಕಾಣುತ್ತವೆ, ನಮ್ಮದೇ ಇಲ್ಲ ಎನ್ನುವವರ ರೂಟರ್ ವೈಫೈ 6 ಎಂಬ ಹೊಸ ಪೀಳಿಗೆಯದ್ದೇ ಎಂದು ನೋಡಿ. ಇಂಟೆಲ್‌ನ ಹಳೆಯ ಕಾರ್ಡ್‌ಗಳ ಹಳೆಯ ಡ್ರೈವರ್‌ಗಳಿಗೆ ವೈಫೈ 6 ರೂಟರ್‌ನ ಹೆಸರೇ ಕಾಣುವುದಿಲ್ಲ. ಅಪ್‌ಗ್ರೇಡ್ ವೇಳೆ ಹಳೆಯ ಆವೃತ್ತಿ ಬಂದು ಕೂತರೆ ಹೀಗಾಗುತ್ತದೆ. ಹೊಸ ಡ್ರೈವರ್ ಹಾಕುವುದೇ ಸರಿಯಾದ ದಾರಿ. ಅಲ್ಲಿಯವರೆಗೆ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಮಾತ್ರ ‘11ಎಎಕ್ಸ್’ (ವೈಫೈ 6ರ ತಾಂತ್ರಿಕ ಹೆಸರು) ಆಫ್ ಮಾಡಬಹುದು. 5 ಗಿಗಾಹರ್ಟ್ಸ್ ಮಾತ್ರ ಕಾಣದಿದ್ದರೆ ರೂಟರ್‌ನ ಚಾನೆಲನ್ನು 36ರಿಂದ 48ರ ನಡುವೆ ಇಟ್ಟು ನೋಡಿ. 52ರಿಂದ 144ರವರೆಗಿನವು ರೇಡಾರ್‌ ಜೊತೆ ಹಂಚಿಕೊಂಡ ಚಾನೆಲ್‌ಗಳು, ಅಲ್ಲಿ ರೂಟರ್ ಮೊದಲು ಕಾದು ಆಲಿಸಬೇಕು, ಕಾರ್ಡ್‌ಗಳೂ ತಡವಾಗಿ ಹುಡುಕುತ್ತವೆ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಇದ್ದರೂ ಸೇರಿಸುವುದಿಲ್ಲ ಎಂದಾದರೆ ಮೊದಲು ಆ ನೆಟ್‌ವರ್ಕ್‌ಗೆ ‘ಫರ್ಗೆಟ್’ ಕೊಟ್ಟು ಹೊಸದಾಗಿ ಸೇರಿ. ಮತ್ತೂ ಆಗದಿದ್ದರೆ ರೂಟರ್‌ನ ಭದ್ರತೆ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ವಿಧಾನ, ಡಬ್ಲ್ಯುಪಿಎ2 ಅದರ ಹಿಂದಿನದು) ಅಥವಾ ಡಬ್ಲ್ಯುಪಿಎ2–ಡಬ್ಲ್ಯುಪಿಎ3 ಮಿಶ್ರ ಸ್ಥಿತಿಯಲ್ಲಿದೆಯೇ ನೋಡಿ. ಹಳೆಯ ಕಾರ್ಡ್‌ಗಳು ಅಲ್ಲಿ ಎಡವುತ್ತವೆ. ಮನೆಯ ಇಡೀ ನೆಟ್‌ವರ್ಕಿನ ಭದ್ರತೆ ಇಳಿಸಬೇಕಿಲ್ಲ. ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿ ಅದಕ್ಕೆ ಡಬ್ಲ್ಯುಪಿಎ2 ಎಇಎಸ್ ಕೊಟ್ಟರೆ ಸಾಕು. ವೆಪ್ ಮತ್ತು ಟಿಕಿಪ್ ಎಂಬ ಹಳೆಯ ಭದ್ರತಾ ವಿಧಾನಗಳ ಕಡೆಗಂತೂ ಹೋಗಲೇಬೇಡಿ. ಭದ್ರತೆಯೂ ಇಲ್ಲ, ವೇಗವೂ 54 ಎಂಬಿಪಿಎಸ್ ದಾಟದು.

ಫೋನ್‌ಗಳಲ್ಲೂ ಇದಕ್ಕೆ ಹೋಲುವ ತೊಂದರೆ ಇದೆ, ಕಾರಣ ಮಾತ್ರ ಬೇರೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್ ತನ್ನ ನಿಜವಾದ ಮ್ಯಾಕ್ ವಿಳಾಸದ (ಪ್ರತಿ ಸಾಧನದ ವೈಫೈಗೆ ಇರುವ ಗುರುತಿನ ಸಂಖ್ಯೆ) ಬದಲು ಪ್ರತಿ ನೆಟ್‌ವರ್ಕ್‌ಗೂ ಬೇರೆ ವಿಳಾಸ ತೋರಿಸುತ್ತದೆ. ಮ್ಯಾಕ್ ವಿಳಾಸ ನೋಂದಾಯಿಸಿದವರಿಗೆ ಮಾತ್ರ ಪ್ರವೇಶ ಕೊಡುವ ಹಾಸ್ಟೆಲ್, ಕಚೇರಿಗಳಲ್ಲಿ ಫೋನ್ ಅಪ್‌ಗ್ರೇಡ್ ಆದ ಮರುದಿನ ಬಾಗಿಲು ಮುಚ್ಚಿಕೊಳ್ಳುವುದು ಇದರಿಂದ. ಆ ಒಂದು ನೆಟ್‌ವರ್ಕ್‌ಗೆ ಮಾತ್ರ ‘ಫೋನ್ ಮ್ಯಾಕ್’ ಆರಿಸಿದರೆ ಅಥವಾ ಐಫೋನ್‌ನಲ್ಲಿ ‘ಪ್ರೈವೇಟ್ ಅಡ್ರೆಸ್’ ಆಫ್ ಮಾಡಿದರೆ ಸರಿ.

ಸೇರಿದೆ, ಇಂಟರ್ನೆಟ್ ಇಲ್ಲ ಎನ್ನುವ ಮೂರನೆಯ ಬಗೆಯಲ್ಲಿ ಮೊದಲು ಅದೇ ವೈಫೈನಲ್ಲಿ ಫೋನ್ ನಡೆಯುತ್ತದೆಯೇ ನೋಡಿ. ಫೋನೂ ನಡೆಯದಿದ್ದರೆ ವಿಂಡೋಸ್ ಅನ್ನು ಬೈದು ಪ್ರಯೋಜನವಿಲ್ಲ. ಫೋನ್ ನಡೆದರೆ ಲ್ಯಾಪ್‌ಟಾಪ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದಕ್ಕೆ ಸಿಗುವ ಸಂಖ್ಯೆ) ನೋಡಿ. 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ಐಪಿ ಮತ್ತು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಎರಡನ್ನೂ ‘ಆಟೊಮ್ಯಾಟಿಕ್’ಗೆ ತನ್ನಿ, ಸಂಪರ್ಕವನ್ನು ನಡುವಿನ ಸರ್ವರ್ ಮೂಲಕ ಕಳಿಸುವ ಪ್ರಾಕ್ಸಿ ಆಫ್ ಮಾಡಿ, ಅವಧಿ ಮುಗಿದ ಆ್ಯಂಟಿವೈರಸ್ ಇದ್ದರೆ ತೆಗೆಯಿರಿ. ಗಡಿಯಾರದ ದಿನಾಂಕ ತಪ್ಪಿದ್ದರೆ ಜಾಲತಾಣಗಳ ಪ್ರಮಾಣಪತ್ರಗಳು ತಿರಸ್ಕಾರಗೊಳ್ಳುತ್ತವೆ, ನೋಡುವವರಿಗೆ ನೆಟ್ ಇಲ್ಲ ಅನ್ನಿಸುತ್ತದೆ. ಕೊನೆಯ ಅಸ್ತ್ರ ‘ನೆಟ್‌ವರ್ಕ್ ರೀಸೆಟ್’, ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ವಿಪಿಎನ್ ಎಲ್ಲ ಅಳಿಸಿಹೋಗುತ್ತವೆ, ಬರೆದಿಟ್ಟುಕೊಂಡು ಒತ್ತಿ.

ಅರ್ಧ ಗಂಟೆಗೊಮ್ಮೆ ಕಡಿದು ಹೋಗುವ ವೈಫೈಗೆ ಒಂದೇ ಮಾತು: ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟ ತೆರೆದು, ವಿದ್ಯುತ್ ಉಳಿಸಲು ಸಾಧನ ಆರಿಸುವ ಅನುಮತಿಯ ಟಿಕ್ ತೆಗೆಯಿರಿ.

ಇಷ್ಟಾದರೂ ಬಗ್ಗದಿದ್ದರೆ ಅಪ್‌ಗ್ರೇಡ್ ಆಗಿ 10 ದಿನದೊಳಗೆ ಸೆಟ್ಟಿಂಗ್ಸ್‌ನ ‘ರಿಕವರಿ’ ಪುಟದಿಂದ ‘ಗೋ ಬ್ಯಾಕ್’ ಮಾಡಬಹುದು. ಡಿಸ್ಕ್ ಜಾಗ ಉಳಿಸಲು ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದ್ದರೆ ಆ ದಾರಿ ಮುಚ್ಚಿತು. ಕಾರ್ಡೇ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಒಂದು ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿ ನೋಡಲು ಹೇಳಿ. ಅದು ನಡೆದರೆ ವಿಂಡೋಸ್ ಸರಿ ಇದೆ ಎಂದಾಯಿತು. ಹೊಸ ಕಾರ್ಡ್ ಕೊಳ್ಳುವಾಗ ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್201ರ ವ್ಯತ್ಯಾಸ ಗೊತ್ತಿರಲಿ. ನೋಡಲು ಹೆಚ್ಚುಕಡಿಮೆ ಒಂದೇ ತರಹ, ಆದರೆ 201 ನಡೆಯುವುದು ಅದಕ್ಕೆಂದೇ ವ್ಯವಸ್ಥೆ ಇರುವ ಇಂಟೆಲ್ ಯಂತ್ರಗಳಲ್ಲಿ ಮಾತ್ರ. ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ದುಡ್ಡು ದಂಡ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್, ಕಂಪನಿ ಒಪ್ಪಿದ ಕಾರ್ಡ್ ಬಿಟ್ಟು ಬೇರೆಯದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಕಾಲೇಜು, ಕಚೇರಿಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ, ಏಕೆಂದರೆ ಅಲ್ಲಿಯ ವೈಫೈ ಕೆಡುವ ಬಗೆಯೇ ಬೇರೆ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಪಾಸ್‌ವರ್ಡ್ ಕೊಡುವ ಕಡೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎಂಎಸ್‌ಚಾಪ್ ಎಂಬ ಪಾಸ್‌ವರ್ಡ್ ಪರಿಶೀಲನಾ ವಿಧಾನದ ಎರಡನೇ ಆವೃತ್ತಿ. ವಿಂಡೋಸ್ 11ರ 2022ರ ಬಿಡುಗಡೆಯಾದ 22ಎಚ್2ರಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ, ಅರ್ಹ ಯಂತ್ರಗಳಿಗೆ, ಲಾಗಿನ್ ಗುಟ್ಟುಗಳನ್ನು ಕಾಯುವ ‘ಕ್ರೆಡೆನ್ಷಿಯಲ್ ಗಾರ್ಡ್’ ತಾನಾಗಿ ಆನ್ ಆಗುತ್ತದೆ. ಆಗ ಲಾಗಿನ್ ಪಾಸ್‌ವರ್ಡ್ ತಾನಾಗಿ ವೈಫೈಗೆ ದಾಟುವುದು ನಿಲ್ಲುತ್ತದೆ. ಗಾರ್ಡ್ ಆಫ್ ಮಾಡಿ ಕೈತೊಳೆದುಕೊಳ್ಳುವುದು ತಪ್ಪು. ಪಾಸ್‌ವರ್ಡ್ ಬದಲು ಡಿಜಿಟಲ್ ಪ್ರಮಾಣಪತ್ರ ಆಧಾರಿತ ಪ್ರವೇಶಕ್ಕೆ ಹೋಗಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. 2023ರ ಡಿಸೆಂಬರ್‌ನಲ್ಲಿ ವಿಂಡೋಸ್ 11ರ ಅಪ್‌ಡೇಟ್ ಒಂದು ಬಂದ ಮೇಲೆ ಕೆಲವು ಯಂತ್ರಗಳು ವಿಶ್ವವಿದ್ಯಾಲಯ, ಕಂಪನಿಗಳ ವೈಫೈಗೆ ಸೇರದೆ, ಮೈಕ್ರೋಸಾಫ್ಟ್ ಆ ಬದಲಾವಣೆಯನ್ನು ಹಿಂದೆಗೆದುಕೊಂಡದ್ದೂ ಉಂಟು. ಆದ್ದರಿಂದ ಲ್ಯಾಬಿನ ನಲವತ್ತೂ ಯಂತ್ರಗಳನ್ನು ಒಂದೇ ರಾತ್ರಿ ಏರಿಸುವ ಉತ್ಸಾಹ ಬೇಡ. ಪ್ರತಿ ಮಾಡೆಲ್‌ನ ಒಂದು ಯಂತ್ರವನ್ನು ಮೊದಲು ಏರಿಸಿ, ವಾರ ಬಿಟ್ಟು ಉಳಿದವನ್ನು ಮುಟ್ಟಿ. ಏರಿಸುವ ಮುನ್ನ ವೈಫೈ ಮತ್ತು ಲ್ಯಾನ್ ಡ್ರೈವರ್‌ಗಳು ಪೆನ್‌ಡ್ರೈವಿನಲ್ಲಿರಲಿ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕಾಗದದ ಮೇಲಿರಲಿ. ಗ್ರಾಮ ಒನ್‌ನಂತಹ ಕೇಂದ್ರಗಳಲ್ಲಿ, ಮುಂದೆ ಸಾಲು ನಿಂತಿರುವಾಗ ಈ ಪ್ರಯೋಗಗಳಿಗೆ ಹೊತ್ತಿರುವುದಿಲ್ಲ. ಅಲ್ಲಿ ರೂಟರ್‌ನಿಂದ ಮೇಜಿನವರೆಗೆ ಒಂದು ಲ್ಯಾನ್ ಕೇಬಲ್ ಎಳೆದಿಟ್ಟುಕೊಳ್ಳುವುದೇ ಲೇಸು.

ಇಂತಿ,
ಕಂಪ್ಯೂಟರ್ ದುರಸ್ತಿ ತಂತ್ರಜ್ಞರು, ದಾವಣಗೆರೆ