ತೆಂಗಿನ ನೀರೂ ಇದೆ, ಚೊಗರೂ ಇದೆ, ಟ್ರೈ ಮಾಡೋಕೇನು?

ಸಂಪಾದಕರಿಗೆ ನಮಸ್ಕಾರ,

ತೆಂಗಿನ ನೀರಿಂದ ಚರ್ಮದಂಥ ಹಾಳೆ ಮಾಡಿ, ಅದಕ್ಕೆ ಚೊಗರಿಂದ, ಅಂದ್ರೆ ಅಡಿಕೆ ಬೇಯಿಸಿದ ನೀರಿಂದ, ಬಣ್ಣ ಕಟ್ಟೋದನ್ನ ನಮ್ಮ ಕಡೆ ಟ್ರೈ ಮಾಡ್ಬಹುದು ಅಂತ ಈ ಪತ್ರ.

ನಮ್ಮ ತಿಪಟೂರು ಕಡೆ ಉಂಡೆ ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಲ್ಲಿ ನೀರು ಒಳಗೇ ಇಂಗಿ ಹೋಗುತ್ತೆ, ಅದು ಬಿಡಿ. ಆದ್ರೆ ತೆಂಗಿನ ಪೌಡರ್ ಫ್ಯಾಕ್ಟರಿಗಳಲ್ಲಿ ಹಸಿ ಕಾಯಿ ಒಡೆದ ನೀರು ಎಷ್ಟೋ ಕಡೆ ಚರಂಡಿ ಪಾಲು, ಪಕ್ಕದಲ್ಲಿ ಹೋದ್ರೆ ಹುಳಿ ನಾತ. ಇದೇ ನೀರಿಗೆ ಸಕ್ಕರೆ ಸೇರಿಸಿ ಕೊಮಗಟೈಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಹಾಕಿಟ್ರೆ ಒಂದೆರಡು ವಾರದಲ್ಲಿ ಮೇಲೆ ದಪ್ಪ ಕೆನೆ ಥರ ಪದರ ಕಟ್ಟುತ್ತೆ, ಫಿಲಿಪ್ಪೀನ್ಸಲ್ಲಿ ಅದನ್ನ ನಾಟಾ ಡಿ ಕೊಕೊ ಅಂತ ತಿಂತಾರೆ, ತೊಳೆದು ಒಣಗಿಸಿದ್ರೆ ತೆಳು ಚರ್ಮದಂಥ ಹಾಳೆ. ಹತ್ತಿಲಿರೋ ನಾರಿನ ಅಂಶ ಸೆಲ್ಯುಲೋಸೇ ಅದು, ಇನ್ನೂ ಶುದ್ಧ.

ತಕರಾರಿರೋದು ಬಣ್ಣದ್ದು. ಗಿಡದ ಬಣ್ಣ ಸೆಲ್ಯುಲೋಸಿಗೆ ಸುಲಭಕ್ಕೆ ಕಚ್ಚಲ್ಲ, ಪಟಿಕ, ಕಬ್ಬಿಣ, ತಾಮ್ರದ ಉಪ್ಪು ಹಾಕ್ಬೇಕು. ಇಲ್ಲಿ ಎಂಜೈಮ್, ಅಂದ್ರೆ ರಾಸಾಯನಿಕ ಕ್ರಿಯೆ ಬೇಗ ಮಾಡಿಸೋ ಪ್ರೋಟೀನು, ಕೆಲಸಕ್ಕೆ ಬರುತ್ತೆ, ಅದ್ರಲ್ಲೂ ಶಿಲೀಂಧ್ರದಿಂದ ತೆಗೆಯೋ ಲ್ಯಾಕೇಸ್. ಅಡಿಕೆ ಬೇಯಿಸಿದ ಚೊಗರು ಗಾಳಿಗಿಟ್ಟಷ್ಟೂ ಕಪ್ಪಾಗೋದು ಗುಬ್ಬಿ, ಚಿಕ್ಕನಾಯಕನಹಳ್ಳಿಯೋರಿಗೆ ಹೇಳ್ಕೊಡ್ಬೇಕಾ, ಚೊಗರಲ್ಲಿರೋ ಒಗರಿನ ಅಂಶ ಟ್ಯಾನಿನ್ನು ಆಮ್ಲಜನಕದ ಜೊತೆ ಸೇರಿ ಆಗೋದು ಅದು, ಲ್ಯಾಕೇಸ್ ಅದನ್ನೇ ಬೇಗ ಮಾಡಿಸುತ್ತೆ. ಹಾಳೆ ಒದ್ದೆ ಇರೋವಾಗ್ಲೇ ಚೊಗರಲ್ಲಿ ಅದ್ದಿದ್ರೆ ಚಿಕ್ಕ ಚಿಕ್ಕ ಅಣುಗಳು ಎಳೆಗಳ ಸಂದಿಗೆ ನುಗ್ತವೆ, ಆಮೇಲೆ ಎಂಜೈಮ್ ಅವನ್ನ ಒಂದಕ್ಕೊಂದು ಹೆಣೆದು ದೊಡ್ಡದು ಮಾಡುತ್ತೆ, ಒಗೆದ್ರೂ ಆಚೆ ಬರೋದು ಕಷ್ಟ. ಒಣಗಿದ ಮೇಲೆ ಅದ್ದಿದ್ರೆ ಎಳೆ ಮುಚ್ಕೊಂಡಿರುತ್ತೆ, ಮೇಲ್ಮೇಲೆ ಅಷ್ಟೇ. ಕುದಿಯೋ ಚೊಗರಿಗೆ ಸುರಿದ್ರೆ ಎಂಜೈಮ್ ಸತ್ತೇ ಹೋಗುತ್ತೆ, ಉಗುರುಬೆಚ್ಚಗೆ ಆದ್ಮೇಲೇ ಹಾಕ್ಬೇಕು. ತಮಾಷೆ ಅಂದ್ರೆ ಜೀನ್ಸ್ ಪ್ಯಾಂಟಿನ ಬಣ್ಣ ತೆಗ್ದು ಹಳೇ ಲುಕ್ ಕೊಡೋಕೂ ಇದೇ ಲ್ಯಾಕೇಸ್ ಬಳಸ್ತಾರೆ.

ನವಿಲು ಬಣ್ಣದ ಸೀರೆ ಇದ್ರಲ್ಲಿ ಬರಲ್ಲ, ಬರೋದು ಕಂದು, ಕೆಂಗಂದು. ಹಾಳೆ ನೀರು ಕುಡಿದು ಉಬ್ಬೋ ಜಾತಿದು, ಹಾಗಾಗಿ ಸದ್ಯಕ್ಕೆ ಪರ್ಸು, ಪುಸ್ತಕದ ರಟ್ಟು ಸಾಕು ಅಂತ ನನ್ನ ಲೆಕ್ಕ. ಚೊಗರನ್ನ ಅಡಿಕೆಗೇ ಮತ್ತೆ ಬಣ್ಣ ಕಟ್ಟೋಕೆ ಬಳಸ್ತಾರೆ ನಿಜ, ಉಳಿದಿದ್ದು ಸಿಕ್ಕಿದ್ರೂ ಪ್ರಯೋಗಕ್ಕೆ ಧಾರಾಳ ಆಗುತ್ತೆ. ಜಿಲ್ಲೆಯ ಕಾಲೇಜುಗಳ ಬಯೋಟೆಕ್ ಲ್ಯಾಬಿನೋರು ಮಕ್ಕಳ ಪ್ರಾಜೆಕ್ಟಿಗೆ ಇದನ್ನ ತಗೋಬಹುದು, ತೆಂಗು ಅಭಿವೃದ್ಧಿ ಮಂಡಳಿ ಒಂದಿಷ್ಟು ದುಡ್ಡು ಕೊಡ್ಲಿ. ಒಂದೇ ಮಾತು, ಹಾಳೆ ತೊಳೆಯೋಕೆ ಕಾಸ್ಟಿಕ್ ಸೋಡಾ ಬೇಕು, ಆ ನೀರು ಎಲ್ಲಿಗೆ ಅಂತ ಮೊದ್ಲೇ ತೀರ್ಮಾನ ಮಾಡಿ, ಕೆರೆಗೆ ಬಿಟ್ಟು ಆಮೇಲೆ ಪರಿಸರಸ್ನೇಹಿ ಅಂತ ಬೋರ್ಡ್ ಹಾಕೋದು ಬೇಡ.

ಒಬ್ಬ ತೆಂಗು ಬೆಳೆಗಾರ,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ