‘ಸಂಪೂರ್ಣ ನಾಶ’ ಎಂಬುದು ತಪ್ಪು

ಮಾನ್ಯ ಸಂಪಾದಕರೇ,

‘ಡೈನೋಸಾರ್‌ಗಳು 6.6 ಕೋಟಿ ವರ್ಷಗಳ ಹಿಂದೆ ಸಂಪೂರ್ಣವಾಗಿ ನಾಶವಾದವು’ ಎಂದು ಮೊಮ್ಮಗಳ ವಿಜ್ಞಾನ ಪುಸ್ತಕದಲ್ಲಿ ಓದಿ ಬೇಸರವಾಯಿತು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಆ ‘ಸಂಪೂರ್ಣವಾಗಿ’ಯನ್ನು ಒಪ್ಪಲಾರೆ. ಎರಡು ಕಾಲಿನ ಮೇಲೆ ಓಡುತ್ತಿದ್ದ ಡೈನೋಸಾರ್‌ಗಳ ಒಂದು ಕವಲು ಬದುಕಿ ಉಳಿಯಿತು. ಅದನ್ನೇ ನಾವು ಹಕ್ಕಿ ಎನ್ನುತ್ತೇವೆ.

1861ರಲ್ಲಿ ಜರ್ಮನಿಯ ಸುಣ್ಣಕಲ್ಲಿನಲ್ಲಿ ಬೆಳಕಿಗೆ ಬಂದ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಹಕ್ಕಿ ಸುಮಾರು 15 ಕೋಟಿ ವರ್ಷ ಹಳೆಯದು. ಗರಿಯಿರುವ ರೆಕ್ಕೆಯ ಜೊತೆಗೇ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಮೂರು ಉಗುರು, ಹಲ್ಲಿಯದರಂತೆ ಉದ್ದನೆಯ ಮೂಳೆಬಾಲ! ಅದರ ಒಂದು ಪಳೆಯುಳಿಕೆಯಲ್ಲಿ ಗರಿಯ ಗುರುತು ಮಸುಕಾಗಿದ್ದರಿಂದ, ತಜ್ಞರೇ ಅದನ್ನು ವರ್ಷಗಟ್ಟಲೆ ಪುಟ್ಟ ಡೈನೋಸಾರ್ ಎಂದು ತಿಳಿದಿದ್ದರು. ಇದಕ್ಕಿಂತ ಸಾಕ್ಷಿ ಬೇಕೆ? 1996ರಲ್ಲಿ ಚೀನಾದ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್ ಲೋಕಕ್ಕೆ ಪರಿಚಯವಾಯಿತು. ಅದು ಹಾರಲಾರದ ಪ್ರಾಣಿ, ಆದರೂ ಬೆನ್ನಿನಿಂದ ಬಾಲದವರೆಗೆ ತುಪ್ಪುಳ. ಹಾರಾಟಕ್ಕೆ ಮೊದಲೇ ಗರಿ ಹುಟ್ಟಿತ್ತು.

ಪುಸ್ತಕ ಬರೆದವರು ಪಾರಿವಾಳದ ಕಾಲನ್ನು ಒಮ್ಮೆ ಹತ್ತಿರದಿಂದ ನೋಡಲಿ: ಮುಂದೆ ಮೂರು ಬೆರಳು, ಹಿಂದೆ ಒಂದು, ಮೇಲೆಲ್ಲ ಸಾಲು ಸಾಲು ಹುರುಪೆ. ಮುಂದಿನ ಮುದ್ರಣದಲ್ಲಿ ‘ಹಕ್ಕಿಗಳನ್ನು ಬಿಟ್ಟು’ ಎಂಬ ಎರಡು ಪದ ಸೇರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಶಿಕ್ಷಕಿ