ಭ್ರಮೆ ಎನ್ನುವ ಮೊದಲು ಗಾಯ ನೋಡಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಶಿರಸಿಯಲ್ಲಿ ತಿಂಗಳಿಗೆ ಒಂದು ದಿನವಾದರೂ ಸರ್ಕಾರಿ ಚರ್ಮರೋಗ ವೈದ್ಯರು ಮತ್ತು ಮನೋವೈದ್ಯರು ಒಟ್ಟಿಗೆ ಕೂತು ರೋಗಿಗಳನ್ನು ನೋಡುವಂತೆ ಮಾಡಿ. ಕೇಳುತ್ತಿರುವುದು ಇಷ್ಟೇ.

ನಮ್ಮ ಅತ್ತಿಗೆಗೆ ಬಹಳ ಕಾಲದಿಂದ ಮೈತುರಿಕೆ. ಚರ್ಮದೊಳಗೆ ಏನೋ ಹರಿದಾಡಿದ ಹಾಗಾಗುತ್ತದಂತೆ. ಗಾಯದಿಂದ ನೀಲಿ, ಕೆಂಪು ಎಳೆ ಬರುತ್ತವೆ ಎಂದು ತೋರಿಸುತ್ತಾರೆ. ಒಬ್ಬ ಡಾಕ್ಟರು ಸರಿಯಾಗಿ ನೋಡದೆಯೇ ‘ಇದೆಲ್ಲ ಭ್ರಮೆ’ ಎಂದು ಕಳಿಸಿಬಿಟ್ಟರು. ಆಮೇಲೆ ಅತ್ತಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಮೊಬೈಲಿಗೆ ಯಾರೋ ‘ಮಾರ್ಗೆಲಾನ್ಸ್’ ಎಂಬ ಹೆಸರು ಕಳಿಸಿ, ಬಿಟಿ ಹತ್ತಿಯಿಂದ, ಅಂದರೆ ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಹತ್ತಿಯಿಂದ, ಬರುವ ರೋಗ ಎಂದರು. ಈಗ ಹತ್ತಿ ಸೀರೆ ಉಡುವುದನ್ನೇ ಬಿಟ್ಟಿದ್ದಾರೆ. ಸ್ನಾನದ ನೀರಿಗೆ ಫಿನಾಯಿಲ್ ಹಾಕಿಕೊಳ್ಳುತ್ತಾರೆ. ನನಗೆ ಹೆದರಿಕೆ ಅದರದ್ದು.

2002ರಲ್ಲಿ ಅಮೆರಿಕದ ತಾಯಿಯೊಬ್ಬರು ಮಗನ ಗಾಯ ನೋಡಿ ಆ ಹೆಸರು ಇಟ್ಟರು. ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ಗುಮಾನಿಗೆ ಇನ್ನೇನು ಬೇಕು? ಗಿಡಕ್ಕೆ ಹೊರಗಿನ ಜೀನ್ ಸೇರಿಸಲು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಬಳಸುತ್ತಾರೆ. ಅದರ ಡಿಎನ್‌ಎ ಕೆಲವು ರೋಗಿಗಳ ಚರ್ಮದಲ್ಲಿ ಸಿಕ್ಕಿತು ಎಂಬ ಸುದ್ದಿಯೂ ಅಮೆರಿಕದಲ್ಲಿ ಹಬ್ಬಿತು. ಆದರೆ ಅದು ಮಣ್ಣಿನಲ್ಲಿ ಸಹಜವಾಗಿಯೇ ಇರುವ ಜೀವಿ. ಸಿಕ್ಕ ಮಾತ್ರಕ್ಕೆ ಅದೇ ರೋಗ ತಂದಿತು ಎನ್ನಲಾಗದು, ಅಲ್ವಾ?

ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ತೊಂದರೆಯ 115 ಜನರ ಬಗ್ಗೆ ನಡೆಸಿದ ಅಧ್ಯಯನ 2012ರಲ್ಲಿ ಹೊರಬಂತು. ರೋಗಕ್ಕೆ ಕಾರಣವಾಗುವ ಸೋಂಕು ಕಾಣಲಿಲ್ಲ. ಎಳೆಗಳಲ್ಲಿ ಹೆಚ್ಚಿನವು ಬಟ್ಟೆಯಿಂದ ಬಂದಿರಬಹುದಾದ ಹತ್ತಿಯ ನಾರು. ಹಾಗೆಂದು ಅವರ ನೋವನ್ನು ಆ ವರದಿ ತಳ್ಳಿಹಾಕಲಿಲ್ಲ. ಅವರ ಬದುಕು ಬಹಳ ಹದಗೆಟ್ಟಿದೆ ಎಂದೇ ಬರೆಯಿತು. ಇದನ್ನು ಒಪ್ಪದೆ, ಉಣುಗು ಕಚ್ಚಿ ಹರಡುವ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕೇ ಕಾರಣ ಎಂದು ವಾದಿಸುವ ಕೆಲವು ಸಂಶೋಧಕರೂ ಇದ್ದಾರೆ.

ನಾನು ಕುಲಾಂತರಿ ಬೆಳೆಯ ಪರವಲ್ಲ. 2010ರಲ್ಲಿ ಬಿಟಿ ಬದನೆಗೆ ತಡೆ ಬಿದ್ದಾಗ ಖುಷಿಪಟ್ಟವಳು. ಆದರೂ ಪುರಾವೆ ಇಲ್ಲದೆ ಅತ್ತಿಗೆಯ ಗಾಯವನ್ನು ಆ ವಾದಕ್ಕೆ ಬಳಸಲಾರೆ. ಅವರಿಗೆ ಬೇಕಿರುವುದು ಆ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ‘ಬಾರಮ್ಮ, ನೀನೂ ನೋಡು’ ಎನ್ನುವ ಡಾಕ್ಟರು. ಕಜ್ಜಿ, ಥೈರಾಯ್ಡ್, ಸಕ್ಕರೆ ಎಲ್ಲ ಪರೀಕ್ಷಿಸಿ, ಮನಸ್ಸಿನ ಔಷಧಿ ಬೇಕಾದರೆ ಅವಮಾನ ಮಾಡದೆ ಕೊಡಲಿ. ಇದಕ್ಕೂ ಹುಬ್ಬಳ್ಳಿ, ಮಣಿಪಾಲ ಎಂದು ಅಲೆಯಬೇಕೇ?

ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ದಯವಿಟ್ಟು ಈ ವಿಷಯ ಎತ್ತಿ, ದಿನಾಂಕ ಗೊತ್ತು ಮಾಡಿಸಿ. ಅತ್ತಿಗೆಯನ್ನು ಒಪ್ಪಿಸಿ ಕರೆತರುವ ಕೆಲಸ ನನ್ನದು.

ಇಂತಿ,
ಶಿರಸಿಯ ಒಬ್ಬ ಮತದಾರಳು